ರಾಮೇಶ್ವರ ಯಾತ್ರೆ ಮುಗೀತು, ಎಲ್ರಿಗೂ ಥ್ಯಾಂಕ್ಸ್

ನಮ್ಮೂರಿನ ಹಿರಿಯರ ಯಾತ್ರೆ ಅಂತೂ ಮುಗೀತು, ಎಲ್ರೂ ಆರಾಮಾಗಿ ಮಂಡ್ಯಕ್ಕೆ ವಾಪಸ್ ಬಂದಿದ್ದೀವಿ. ದುಡ್ಡು ಹಾಕಿದೋರಿಗೆ, ದಾರೀಗೆ ಚಿತ್ರಾನ್ನ ಕಟ್ಟಿಕೊಟ್ಟ ಹೆಣ್ಮಕ್ಕಳಿಗೆ, ಒಂದ್ ಸಲಾನೂ ಸಿಡುಕದೆ ಬಸ್ ಓಡ್ಸಿದ ಮೈಸೂರಿನ ಡ್ರೈವರಣ್ಣಂಗೆ ದೊಡ್ಡ ನಮಸ್ಕಾರ.

ಆದ್ರೆ ಇದನ್ನ ಬರೀತಿರೋದು ಮುಖ್ಯವಾಗಿ ರಾಮೇಶ್ವರದ ಹತ್ರಾನೇ ಇರೋ ಧನುಷ್ಕೋಡಿಯ ಒಂದು ಮೀನುಗಾರರ ಮನೆಯವ್ರಿಗೋಸ್ಕರ, ಅವ್ರಿಗೆ ಕನ್ನಡ ಬರಲ್ಲ, ಆದ್ರೂ ಹೇಳ್ಬೇಕು.

ಅಲ್ಲಿ ಪಾಳುಬಿದ್ದ ಚರ್ಚ್ ಹತ್ರ ನಮ್ಮ ಗುಂಪಿನ ಒಬ್ಬ ಅಜ್ಜಿ ಬಿಸ್ಲಿಗೆ ತಲೆ ಸುತ್ತಿ ಕುಸಿದು ಕೂತ್ಬಿಟ್ರು. ಅಲ್ಲೇ ಚಿಪ್ಪಿನ ಸರ ಮಾರ್ತಿದ್ದ ಒಬ್ಬ ಅಕ್ಕ ಓಡಿ ಬಂದು, ತಮ್ಮ ಗರಿ ಗುಡಿಸ್ಲೊಳಗೆ ಮಲಗ್ಸಿ, ಹಿಂದೆ ಮರಳಲ್ಲಿ ತೋಡಿದ್ದ ಗುಂಡಿಯಿಂದ ನೀರು ಮೊಗೆದು ತಂದ್ರು. ಎರಡೂ ಕಡೆ ಸಮುದ್ರ, ಗುಂಡಿ ಏನ್ ಜಾಸ್ತಿ ಆಳಾನೂ ಇಲ್ಲ, ಆದ್ರೂ ನೀರು ಸಿಹಿ! ಕಾವೇರಿ ಅಂದ್ರೆ ಹೈವೇಗೆ ಇಳಿಯೋ ಮಂಡ್ಯದೋರಿಗೆ ತಮಿಳ್ನಾಡಿನ ಅಕ್ಕ ನೀರು ಕುಡಿಸಿದ್ರು ಅಂತ ಬಸ್ಸಲ್ಲೆಲ್ಲ ಇದೇ ಮಾತು.

ಅವ್ರ ಮಾವ ಬಲೆ ರಿಪೇರಿ ಮಾಡ್ತಾ 1964ರ ಡಿಸೆಂಬರ್ 22ರ ರಾತ್ರಿ ಕಥೆ ಹೇಳಿದ್ರು, ಡ್ರೈವರಣ್ಣ ನಮಗೆ ಬಿಡಿಸಿ ಹೇಳ್ತಾ ಹೋದ. ಆಗ ಅದು ಟೌನು ಕಣ್ರಪ್ಪ, ರೈಲ್ವೆ ಸ್ಟೇಷನ್ನು, ಪೋಸ್ಟಾಫೀಸು, ಶ್ರೀಲಂಕಾದ ತಲೈಮನ್ನಾರ್‌ಗೆ ಹೋಗೋ ಹಡಗು ಎಲ್ಲ ಇತ್ತಂತೆ. ಸೈಕ್ಲೋನ್‌ಗೆ ಇಪ್ಪತ್ತಡಿಗೂ ಮೇಲೆ ಅಲೆ ಎದ್ದು, ಪಾಂಬನ್‌ನಿಂದ ಬರ್ತಿದ್ದ ಪ್ಯಾಸೆಂಜರ್ ಟ್ರೈನು ನೂರಕ್ಕೂ ಹೆಚ್ಚು ಜನರ ಸಮೇತ ಕೊಚ್ಚಿಹೋಯ್ತು. ಅದೇ ಸೈಕ್ಲೋನ್‌ಗೆ ಹಾಳಾಗಿದ್ದ, ರಾಮೇಶ್ವರಕ್ಕೆ ಸಮುದ್ರದ ಮೇಲೆ ರೈಲು ಹೋಗೋ ಪಾಂಬನ್ ಸೇತುವೇನ ರೈಲ್ವೆ ಇಂಜಿನಿಯರ್ ಇ. ಶ್ರೀಧರನ್ 46 ದಿನದಲ್ಲಿ ಸರಿ ಮಾಡ್ಸಿದ್ರು, ಧನುಷ್ಕೋಡಿಗೆ ಮಾತ್ರ ರೈಲು ಮತ್ತೆ ಬರ್ಲೇ ಇಲ್ಲ, ಊರು ವಾಸಕ್ಕೆ ಯೋಗ್ಯ ಅಲ್ಲ ಅಂತ ಸರ್ಕಾರ ಕೈಬಿಡ್ತು. ಮೀನು ಇರೋ ಕಡೆ ನಾವು, ಇನ್ನೆಲ್ಲಿ ಹೋಗೋದು ಅಂತ ಇವ್ರ ಮನೆಯೋರು ವಾಪಸ್ ಬಂದ್ರಂತೆ. "ಟ್ರೈನಲ್ಲಿ ಹೋದೋರ ಲೆಕ್ಕ ಎಲ್ರೂ ಕೇಳ್ತಾರೆ, ನಮ್ಮ ದೋಣಿ ಜನರ ಲೆಕ್ಕ ಯಾರೂ ಕೇಳಲ್ಲ" ಅಂದ್ರು. ನಮ್ಮೋರು ಯಾರೂ ಉಸಿರೆತ್ತಲಿಲ್ಲ, ಟ್ರೈನ್ ಬಗ್ಗೆ ಮೊದ್ಲು ಕೇಳಿದ್ದು ನಾವೇ ಅಲ್ವಾ.

ದುಡ್ಡು ಕೊಟ್ರೆ ಸುತಾರಾಂ ಮುಟ್ಲಿಲ್ಲ. ಕೊನೆಗೆ ಪ್ರಸಾದಕ್ಕೆ ಅಂತ ತಂದಿದ್ದ ನಮ್ಮ ಅಚ್ಚುಬೆಲ್ಲ ಕೊಟ್ವಿ, ಅದನ್ನ ತಗೊಂಡ್ರು, ಮೊಮ್ಮಗು ಅಲ್ಲೇ ಒಂದು ಕಡ್ಕೊಂಡು ತಿಂತು. ಅಕ್ಕಾ, ನಮ್ಮಜ್ಜಿ ಗಟ್ಟಿಮುಟ್ಟಾಗಿದ್ದಾರೆ, ತುಂಬಾ ತುಂಬಾ ಥ್ಯಾಂಕ್ಸ್.

ಬಸ್ಸಲ್ಲಿ ಎರಡು ಸ್ಟೀಲ್ ಡಬ್ಬಿ, ಒಂದು ಶಾಲು ಉಳ್ಕೊಂಡಿದೆ, ಯಾರದ್ದು ಅಂತ ನೋಡಿ ನಮ್ಮನೆಗೆ ಬಂದು ತಗೊಂಡೋಗಿ.