ಖೋ ಖೋ ಶಿಬಿರ ಮುಗಿಯಿತು, ಎಲ್ಲರಿಗೂ ಥ್ಯಾಂಕ್ಸ್

ನಮ್ಮ ಹೈಸ್ಕೂಲ್ ಹುಡುಗಿಯರ ಬೇಸಿಗೆ ಖೋ ಖೋ ಶಿಬಿರ ನಿನ್ನೆ ಮುಗಿಯಿತು. ಮೇ 29ಕ್ಕೆ ಶಾಲೆ ಶುರು. ಆಮೇಲೆ ವಲಯ ಮಟ್ಟ, ತಾಲ್ಲೂಕು ಮಟ್ಟ ಅಂತ ಓಡಾಟ ಹತ್ತಿಕೊಂಡರೆ ಬರೆಯಲು ಪುರುಸೊತ್ತು ಸಿಗುವುದಿಲ್ಲ.

ಈ ಸಲ ಹುಡುಗಿಯರನ್ನು ಕಳಿಸಿ ಅಂತ ಮನೆ ಮನೆ ಬಾಗಿಲು ತಟ್ಟಬೇಕಾಗಲಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಫೈನಲ್‌ನಲ್ಲಿ ನಮ್ಮ ಮಹಿಳಾ ತಂಡದವರು ನೇಪಾಳವನ್ನು 78-40ರಿಂದ ಸೋಲಿಸಿದರಲ್ಲ, ಆ ತಂಡದ ಬಿ. ಚೈತ್ರಾ ನಮ್ಮ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಅವರ ಬ್ಯಾಚ್ (ಒಟ್ಟಿಗೆ ಅಂಕಣಕ್ಕಿಳಿದು ತಪ್ಪಿಸಿಕೊಳ್ಳುವ ಮೂವರು) ಐದು ನಿಮಿಷ ದಾಟಿದರೂ ಕೈಗೆ ಸಿಗದೆ ಓಡಿದ್ದನ್ನು ಮೊಬೈಲಲ್ಲಿ ನೋಡಿದ ಅಪ್ಪಂದಿರೇ "ನಮ್ಮವಳನ್ನೂ ಸೇರಿಸ್ಕೊಳ್ಳಿ ಸಾರ್" ಅಂತ ಬಂದರು.

ಅಂಕಣ ಹಾಕಿಕೊಟ್ಟ ಹಳೇ ವಿದ್ಯಾರ್ಥಿಗಳು, ಮೊಣಕಾಲು ಪಟ್ಟಿ ಕೊಡಿಸಿದ ಡೈರಿಯವರು, ಮೈದಾನಕ್ಕೆ ನೀರು ಹೊಡೆದ ಟ್ರ್ಯಾಕ್ಟರ್ ಹುಡುಗ, ಹೆಡ್‌ಮಾಸ್ಟರು, ಎಲ್ಲರಿಗೂ ಥ್ಯಾಂಕ್ಸ್. ಒಂದೇ ಸಾಲಲ್ಲಿ ಮುಗಿಸಿದೆ ಅಂತ ಬೇಜಾರು ಮಾಡ್ಕೋಬೇಡಿ. ಬಿಸಿಯೂಟದ ಅಕ್ಕನ ಬಗ್ಗೆ ಬರೆಯುವುದಿದೆ.

ರಜೆಯಲ್ಲಿ ಬಿಸಿಯೂಟ ಇಲ್ಲ, ಅವರಿಗೆ ಗೌರವಧನವೂ ಇಲ್ಲ. ಆದರೂ ಬೆಳಗಿನ ಪ್ರಾಕ್ಟೀಸ್ ಮುಗಿಯುವ ಹೊತ್ತಿಗೆ ರಾಗಿ ಅಂಬಲಿ, ಮೊಳಕೆ ಹೆಸರುಕಾಳು ರೆಡಿ ಇರುತ್ತಿತ್ತು. ಸುಮ್ನೆ ಬಡಿಸಿ ಹೋಗುವವರಲ್ಲ. ಕಂಬದ ಪಕ್ಕ ಕೂತು ಆಟ ನೋಡಿ ನೋಡಿ, ಬೆನ್ನು ಮುಟ್ಟುವ ಮೊದಲೇ ಖೋ ಅಂದವಳ ತಪ್ಪನ್ನು ನನಗಿಂತ ಮುಂಚೆ ಹಿಡಿಯುತ್ತಿದ್ದರು. ಒಬ್ಬಳು ಕಡಿಮೆ ಬಿದ್ದ ದಿನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತಾವೇ ಚೌಕದಲ್ಲಿ ಕೂತರು. ಎದ್ದು ಓಡಿದ್ದು ನಾಲ್ಕೇ ಹೆಜ್ಜೆ. ಆದರೆ ಒಮ್ಮೆ ಹಿಡಿದ ದಿಕ್ಕು ಬದಲಿಸಲಿಲ್ಲ. ಹುಡುಗಿಯರಿಗೆ ಅಷ್ಟನ್ನು ಕಲಿಸಲು ನನಗೆ ಸಾಕುಬೇಕಾಗಿತ್ತು!

ಭರಣಿ ಮಳೆ ಸುರಿದ ಆ ರಾತ್ರಿ ಶಿಬಿರದ ಹುಡುಗಿಯೊಬ್ಬಳು ಆಸ್ಪತ್ರೆ ಸೇರಿದಳು. ಏನಾಯಿತು ಅನ್ನೋದು ಊರಿಗೆಲ್ಲ ಗೊತ್ತು. ಮತ್ತೆ ಬರೆಯುವುದಿಲ್ಲ. ಆಸ್ಪತ್ರೆ ವರಾಂಡದಲ್ಲಿ ನನ್ನ ಕೈ ನಡುಗುತ್ತಿತ್ತು. ಕಂಡವರ ಮಕ್ಕಳನ್ನು ಕಟ್ಟಿಕೊಂಡು ಈ ಉಸಾಬರಿ ನನಗೆ ಯಾಕೆ ಬೇಕಿತ್ತು ಅನ್ನಿಸಿ ಅತ್ತುಬಿಟ್ಟೆ. ಜೊತೆಗಿದ್ದವರು ಒಬ್ಬೊಬ್ಬರಾಗಿ ಮನೆಗೆ ಹೊರಟರು. ಅಕ್ಕ ಹುಡುಗಿಯ ಪಾದ ತಿಕ್ಕುತ್ತಾ ಬೆಳಗಿನ ತನಕ ಕೂತಿದ್ದರು. ಅವಳ ಅಮ್ಮ ಸಿಟ್ಟಿನಲ್ಲಿ ನನಗೆ ಬೈದಾಗ ಅಕ್ಕ ನನ್ನ ಪರ ಒಂದು ಮಾತೂ ಆಡಲಿಲ್ಲ. ಆಕೆಗೆ ಕಾಫಿ ತಂದುಕೊಟ್ಟರು. ಅದೇ ಸರಿ ಅಲ್ವಾ? ಐದು ಗಂಟೆಗೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಮನೆಗೆ ಹೋಗಿ ಮುಖ ತೊಳ್ಕೊಳ್ಳಿ. ಆರಕ್ಕೆ ಮಕ್ಕಳು ಬಂದು ನಿಂತಿರ್ತಾರೆ" ಅಂದರು.

ಬಂದು ನಿಂತಿದ್ದರು. ಎಲ್ಲರೂ ಅಲ್ಲ. ಉಳಿದವರ ಮನೆಗಳಿಗೆ ಅಕ್ಕನೇ ಹೋದರು. ಏನು ಹೇಳಿದರೋ, ವಾರದೊಳಗೆ ಎಲ್ಲರೂ ವಾಪಸ್. ಆ ಹುಡುಗಿಯೂ ಈಗ ಆರಾಮಾಗಿದ್ದಾಳೆ. ಓಡಲು ಡಾಕ್ಟರು ಇನ್ನೂ ಬಿಟ್ಟಿಲ್ಲ. ಸ್ಕೋರ್ ಶೀಟ್ ಅವಳ ಕೈಗೆ ಕೊಟ್ಟಿದ್ದೇವೆ, ಜೋರು ಜಾಸ್ತಿಯಾಗಿದೆ.

ಅಕ್ಕನಿಗೆ ಸೀರೆ ಕೊಡಬೇಕು ಅಂತ ಹುಡುಗಿಯರು ದುಡ್ಡು ಕೂಡಿಸಿದರು. "ಸೀರೆ ಯಾಕೆ, ಅಡುಗೆಮನೆ ಕುಕ್ಕರ್‌ಗೆ ಹೊಸ ಗ್ಯಾಸ್ಕೆಟ್ ತನ್ನಿ" ಅಂದರು. ತಂದಿದ್ದೇವೆ. ಸೀರೆಯನ್ನೂ ತಂದಿದ್ದೇವೆ. ಶಾಲೆ ಶುರುವಾಗುವ ದಿನ ಕೊಡುತ್ತೇವೆ, ಅಲ್ಲಿಯವರೆಗೆ ದಯವಿಟ್ಟು ಯಾರೂ ಅವರ ಕಿವಿಗೆ ಹಾಕಬೇಡಿ.