ಸೂರ್ಯ ಸೊರಗಿದನೆಂಬ ನಿನ್ನ ಭಯಕ್ಕೆ

ಚಿರಂಜೀವಿಗೆ ಆಶೀರ್ವಾದಗಳು.

ಮನೆಯ ಸುದ್ದಿ ನಿನಗೆ ಗೊತ್ತಿರುವುದೇ, ಬಿಡು. ಪತ್ರದ ಕೊನೆಗೆ ‘ಸೂರ್ಯ ಸೊರಗುತ್ತಿದ್ದಾನಂತೆ, ಹಿಮಯುಗ ಬರುತ್ತದಂತೆ, ಇನ್ನು ಏನು ಮಾಡಿ ಏನು ಪ್ರಯೋಜನ’ ಎಂದೆಯಲ್ಲ, ಆ ಸಾಲು ನನ್ನನ್ನು ಬಿಡುತ್ತಿಲ್ಲ.

‘ಅಂತೆ’ ಪೂರ್ತಿ ಸುಳ್ಳಾಗಿದ್ದರೆ ಇಷ್ಟುದ್ದ ಬರೆಯುವ ಕೆಲಸವಿರಲಿಲ್ಲ. ಸುಮಾರು 11 ವರ್ಷಕ್ಕೊಮ್ಮೆ ಸೂರ್ಯನ ಮೈಮೇಲಿನ ಕಪ್ಪು ಕಲೆಗಳು ಹೆಚ್ಚಿ ಮತ್ತೆ ಇಳಿಯುತ್ತವೆ. ವಾತಾವರಣದ ಹೊರಗೆ ಬಿಸಿಲಿಗೆ ನೇರವಾಗಿ ಹಿಡಿದ ಒಂದು ಚದರ ಮೀಟರಿಗೆ ಬೀಳುವುದು ಸುಮಾರು 1,361 ವ್ಯಾಟ್. ಈ ಏರಿಳಿತದಲ್ಲಿ ಅದು ಬದಲಾಗುವುದು ಒಂದು ವ್ಯಾಟಿನ ಆಸುಪಾಸು. ಭೂಮಿ ಗುಂಡಗಿರುವುದರಿಂದ ಅದೂ ನಾಲ್ಕು ಪಾಲಾಗಿ ಹಂಚಿಹೋಗುತ್ತದೆ, ನೂರಕ್ಕೆ 30ರಷ್ಟನ್ನು ಮೋಡ, ಹಿಮಗಳು ವಾಪಸು ಕಳಿಸುತ್ತವೆ. ಕೈಗೆ ಸಿಗುವುದು 0.2 ವ್ಯಾಟ್ ಕೂಡ ಇಲ್ಲ. ಇಡೀ ಭೂಮಿಯ ಸರಾಸರಿ ಉಷ್ಣತೆಯಲ್ಲಿ ಸುಮಾರು 0.1 ಡಿಗ್ರಿ, ಅಷ್ಟೆ. ಕಲೆ ಕಪ್ಪಗಿದ್ದರೂ ಕಲೆ ಹೆಚ್ಚಿದ್ದಾಗಲೇ ಸೂರ್ಯ ತುಸು ಹೆಚ್ಚು ಬೆಳಗುತ್ತಾನೆ: ಸುತ್ತಲಿನ ಹೊಳೆಯುವ ಪಟ್ಟೆಗಳು ಕಲೆಯ ನಷ್ಟವನ್ನು ತುಂಬಿ ಮಿಗುತ್ತವೆ.

ನೀನು ಹೆಸರಿಸಿದ ಮೌಂಡರ್ ಕಾಲ, 1645ರಿಂದ 1715. ಆಗ ಕಲೆಗಳು ಬಲು ಅಪರೂಪ, ಯುರೋಪಿನಲ್ಲಿ ಕಡುಚಳಿಯೂ ಹೌದು. ಆದರೆ ಆ ಚಳಿಯ ಶತಮಾನಗಳು ಅದಕ್ಕೂ ಮೊದಲೇ ಶುರುವಾಗಿದ್ದವು, ಜ್ವಾಲಾಮುಖಿಗಳ ಪಾಲೂ ದೊಡ್ಡದು. ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿಯ 1991ರ ಸ್ಫೋಟವೊಂದೇ ಮರುವರ್ಷ ಭೂಮಿಯನ್ನು ಸುಮಾರು ಅರ್ಧ ಡಿಗ್ರಿ ತಣಿಸಿತು. ಮೌಂಡರ್‌ನಂಥ ಕಾಲ ಮತ್ತೆ ಬಂದರೂ ಇಳಿಯುವುದು ಒಂದು ಡಿಗ್ರಿಯ ಸಣ್ಣ ಪಾಲು. ಇತ್ತ ಶಾಖವನ್ನು ಹಿಡಿದಿಡುವ ಇಂಗಾಲದ ಡೈಆಕ್ಸೈಡ್ ಗಾಳಿಯ ಹತ್ತು ಲಕ್ಷ ಕಣಕ್ಕೆ 280ರಿಂದ 420 ದಾಟಿದೆ, ಭೂಮಿ ಒಂದು ಡಿಗ್ರಿಗಿಂತ ಹೆಚ್ಚೇ ಕಾದಿದೆ. ಅದು ಸೂರ್ಯನ ಕೆಲಸವಾಗಿದ್ದರೆ ಮೇಲಿನ ವಾಯುಪದರವೂ ಕಾಯಬೇಕಿತ್ತು. ಅದು ತಣ್ಣಗಾಗುತ್ತಿದೆ. ಇಷ್ಟೆಲ್ಲ ಕಣ್ಣೆದುರೇ ಆಗುವಾಗ ನನ್ನ ತಲೆಮಾರು ಸುಮ್ಮನಿತ್ತು, ನಾನೂ ಸುಮ್ಮನಿದ್ದೆ. ಹೆದರಬೇಕಾದುದಕ್ಕೆ ನಾವು ಹೆದರಲಿಲ್ಲ, ನೀನು ಬೇಡದ್ದಕ್ಕೆ ಹೆದರುತ್ತಿದ್ದೀಯ.

ಮತ್ತೆ ನಿನ್ನ ಆ ಸಾಲಿಗೇ ಬರುತ್ತೇನೆ. ಈ ಸಲದ ಚಳಿ ಸೂರ್ಯ ಸೊರಗಿದ್ದರ ಗುರುತಲ್ಲ. ಜನವರಿ ಮೊದಲ ವಾರ ಭೂಮಿ ಸೂರ್ಯನಿಗೆ ಅತಿ ಹತ್ತಿರ, 14.7 ಕೋಟಿ ಕಿಲೋಮೀಟರ್. ಜುಲೈಯಲ್ಲಿ ದೂರ, 15.2 ಕೋಟಿ. ಆದರೂ ಉತ್ತರಾರ್ಧಕ್ಕೆ ಚಳಿ ಜನವರಿಯಲ್ಲೇ. ಕಾರಣ ಭೂಮಿಯ ಅಕ್ಷದ 23.4 ಡಿಗ್ರಿಯ ವಾಲು, ಅದರಿಂದ ಆಗ ಅಲ್ಲಿ ಬಿಸಿಲು ಓರೆಯಾಗಿ ಬೀಳುತ್ತದೆ. ಕತ್ತಲಲ್ಲಿ ಟಾರ್ಚನ್ನು ಕಾಗದದ ಮೇಲೆ ನೇರ ಹಿಡಿ, ಆಮೇಲೆ ಕಾಗದದಿಂದ 30 ಡಿಗ್ರಿಗೆ ಬಾಗಿಸು. ಅದೇ ಬೆಳಕು ಎರಡರಷ್ಟು ಜಾಗಕ್ಕೆ ಹರಡಿ ಮಂಕಾಗುತ್ತದೆ. ಹಗಲೂ ಗಿಡ್ಡವಾದರೆ ಚಳಿಗೆ ಬೇರೆ ನೆಪ ಬೇಕಿಲ್ಲ.

ಉಪದೇಶ ನಿನಗೆ ರುಚಿಸದು, ಗೊತ್ತು. ಆದರೂ ಎರಡು ಮಾತು. ಯಾರಾದರೂ ಒಂದು ವಾರದ ಚಳಿ ತೋರಿಸಿ ಹಿಮಯುಗ ಎಂದರೆ, ಇಡೀ ಭೂಮಿಯ 30 ವರ್ಷದ ಸರಾಸರಿ ಕೇಳು. ಇನ್ನು ಸೂರ್ಯನನ್ನೇ ನೋಡಬೇಕೆಂದರೆ ಬರಿಗಣ್ಣು ಬೇಡ, ಕಪ್ಪು ಕನ್ನಡಕವೂ ಬೇಡ. ರಟ್ಟಿಗೆ ಒಂದು ಮಿಲಿಮೀಟರಿನ ತೂತು ಕೊರೆದು, ಸೂರ್ಯನಿಗೆ ಬೆನ್ನು ಹಾಕಿ, ಎರಡು ಮೀಟರ್ ದೂರದ ನೆರಳಲ್ಲಿಟ್ಟ ಬಿಳಿ ಕಾಗದದ ಮೇಲೆ ಬಿಂಬ ಬೀಳಿಸು. ಸುಮಾರು 19 ಮಿಲಿಮೀಟರ್ ಅಗಲ ಮೂಡುತ್ತದೆ. ತೂತು ದೊಡ್ಡದಾದರೆ ಬೆಳಕು ಹೆಚ್ಚು, ಅಂಚು ಮಸುಕು. ಸಣ್ಣ ಕಲೆಗಳು ಇದರಲ್ಲಿ ಕಾಣುವುದಿಲ್ಲ. ಕಾಣಲಿಲ್ಲವೆಂದು ಮತ್ತೆ ‘ಸೊರಗಿದ’ ಅಂತ ಬರೆಯಬೇಡ.