ಹಳೆಯ ಲೆಕ್ಕಕ್ಕೂ ಎರಡು ಅಂಕ ಕೊಡಿ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ನಮಸ್ಕಾರ.

ನಾನು ಬೆಂಗಳೂರಿನಲ್ಲಿ ಎಂಟನೇ ಕ್ಲಾಸಿಗೆ ಗಣಿತ ಹೇಳಿಕೊಡುತ್ತೇನೆ. ಹೋದ ವಾರ ಒಂದು ಲೆಕ್ಕ ಕೊಟ್ಟೆ. ಎರಡು ದೋಸೆ, ಐದು ಜನ, ಸಮಪಾಲು. "2/5 ಮಿಸ್" ಅಂತ ತಟ್ಟನೆ ಉತ್ತರ ಬಂತು. ಸರಿ, ಕತ್ತರಿಸಿ ತೋರಿಸಿ ಅಂದೆ. ಎಲ್ಲರೂ ಗಪ್‌ಚುಪ್.

ಈಜಿಪ್ಟಿನ ಅಹ್ಮೆಸ್ ಸುಮಾರು ಕ್ರಿ.ಪೂ. 1550ರಲ್ಲೇ ಪಪೈರಸ್ ಸುರುಳಿಯಲ್ಲಿ ಇದನ್ನು ಬರೆದಿಟ್ಟಿದ್ದಾನೆ: 1/3 ಮತ್ತು 1/15. ಒಂದೊಂದು ದೋಸೆಯನ್ನೂ ಮೂರು ಮಾಡಿ, ಆರು ತುಂಡಾಯಿತು. ಐವರಿಗೆ ಒಂದೊಂದು. ಉಳಿದದ್ದನ್ನು ಐದು ಮಾಡಿ ಹಂಚಿ. (ದೋಸೆ ನನ್ನದು. ಅವನು ಹಂಚಿದ್ದು ರೊಟ್ಟಿ.)

ಆಮೇಲೆ ನಮ್ಮ ಮಹಾವೀರಾಚಾರ್ಯರು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ‘ಗಣಿತಸಾರಸಂಗ್ರಹ’ ಬರೆದವರು. ಬೇಗೂರಿನ ಕಲ್ಲಿನಲ್ಲಿ ‘ಬೆಂಗಳೂರು’ ಅನ್ನೋ ಹೆಸರು ಕೆತ್ತಿದ್ದೂ ಅದೇ ಶತಮಾನದಲ್ಲಿ, ನೋಡಿ. ಒಂದನ್ನು ಇಂಥ ಚೂರುಗಳಾಗಿ ಒಡೆಯಲು ಅವರು ಸೂತ್ರವನ್ನೇ ಕೊಟ್ಟಿದ್ದಾರೆ. 1/2 + 1/3 + 1/6. ಇನ್ನೊಂದು ಚೂರು ಬೇಕಾ? 1/2 + 1/3 + 1/9 + 1/18. ಹಿಂದಿನ ಬೆಂಚಿನ ಹುಡುಗ ಐದು ಚೂರಿನದ್ದನ್ನು ತಾನೇ ಮಾಡಿ ತಂದ. ಕೊನೆಯದ್ದು 1/54. ಸರಿ ಇತ್ತು.

ಆಚಾರ್ಯರು ಎಡವಿದ್ದನ್ನೂ ಹೇಳಿದೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಅಂತ ಬರೆದುಬಿಟ್ಟಿದ್ದಾರೆ. "ಯಾರಿಗೂ ಹಂಚದಿದ್ದರೆ ದೋಸೆ ತಟ್ಟೆಯಲ್ಲೇ ಇರುತ್ತಲ್ವಾ ಮಿಸ್, ಅವರದ್ದೇನು ತಪ್ಪು?" ಅಂದಳು ಒಬ್ಬಳು. ಬೆಲ್ ಹೊಡೆದರೂ ಜಗಳ ಮುಗಿಯಲಿಲ್ಲ.

ಸಚಿವರೇ, ಗಣಿತದ ಚರಿತ್ರೆ ಅಂದರೆ ನಮ್ಮ ಮಕ್ಕಳಿಗೆ ಪುಟದ ಅಂಚಿನ ಒಂದು ಬಾಕ್ಸು. ಹೆಸರು, ಇಸವಿ, ಗಡ್ಡದ ಚಿತ್ರ. "ಪರೀಕ್ಷೆಗೆ ಬರುತ್ತಾ?" ಬರಲ್ಲ. ಮುಂದಿನ ಪುಟ. ಸೊನ್ನೆ ಕೊಟ್ಟಿದ್ದೇ ನಾವು ಅಂತ ವೇದಿಕೆ ಮೇಲೆ ಚಪ್ಪಾಳೆ ಗಿಟ್ಟಿಸುವವರಿಗೂ ಆ ಬಾಕ್ಸಿನಾಚೆ ಗೊತ್ತಿರುವುದು ಕಡಿಮೆಯೇ. ನಮ್ಮ ಅಂಕಿಗಳಲ್ಲಿ ಲೆಕ್ಕ ಮಾಡುವ ಬಗೆಯನ್ನು ಬಾಗ್ದಾದಿನಲ್ಲಿ ಬರೆದ ಅಲ್-ಖ್ವಾರಿಜ್ಮಿಯ ಹೆಸರಿನಿಂದಲೇ ‘ಅಲ್ಗಾರಿದಮ್’ ಬಂತು. ಈ ಪದ ಕಿವಿಗೆ ಬೀಳದ ದಿನವಿಲ್ಲ ಈ ಊರಲ್ಲಿ. ಆ ಮನುಷ್ಯ ಯಾರು ಅಂತ ಮಕ್ಕಳನ್ನು ಕೇಳಿ ನೋಡಿ.

ಜಾಸ್ತಿ ಏನೂ ಕೇಳುತ್ತಿಲ್ಲ. ಒಂದೊಂದು ಅಧ್ಯಾಯಕ್ಕೆ ಒಂದೇ ಒಂದು ಹಳೆಯ ಲೆಕ್ಕ ಸೇರಿಸಿ. ಸುಮ್ನೆ ಓದೋಕಲ್ಲ, ಮಾಡೋಕೆ. 12ನೇ ಶತಮಾನದಲ್ಲಿ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ ರಾಜಾದಿತ್ಯನಿಂದಲೂ ಒಂದೆರಡು ತೆಗೆದುಕೊಳ್ಳಿ. ಪರೀಕ್ಷೆಯಲ್ಲಿ ಎರಡು ಅಂಕ ಇಡಿ. ಅಂಕ ಇಲ್ಲದಿದ್ದರೆ ಮೇಷ್ಟ್ರುಗಳೂ ಆ ಪುಟ ತೆರೆಯಲ್ಲ. ಹೋದ ವರ್ಷದವರೆಗೆ ನಾನೂ ತೆರೆದಿರಲಿಲ್ಲ.

ಇಂತಿ,
ಒಬ್ಬ ಗಣಿತ ಶಿಕ್ಷಕಿ, ಬೆಂಗಳೂರು